ಟೀಚರಮ್ಮನ ಮೇಲೆ ನಾನು ಹೊರಿಸಿದ ಸುಳ್ಳು

ಮೊನ್ನೆ ಅಣ್ಣನ ಮನೆಗೆ ಹೋಗಿದ್ದೆ. ಅವನ ಸೊಸೆ ಅಂಗನವಾಡಿಯಲ್ಲಿ ಕೊಟ್ಟ ಪುಷ್ಟಿ ಪುಡಿಯ ಪೊಟ್ಟಣ ಒಡೆದು, ಮಗುವಿಗೆಂದು ಬೆಲ್ಲ ಹಾಕಿ ಬಿಸಿನೀರಿನಲ್ಲಿ ಕಲಸುತ್ತಿದ್ದಳು. ಹುರಿದ ಧಾನ್ಯದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಮ್ಮೂರ ಅಂಗನವಾಡಿಯ ಟೀಚರಮ್ಮ ಕಣ್ಣ ಮುಂದೆ ನಿಂತರು. "ಯಾಕತ್ತೆ, ಒಂಥರಾ ಆಗ್ಬಿಟ್ರಿ?" ಎಂದಳು. ಏನಿಲ್ಲ ಎಂದೆ.

ನಮ್ಮದು ಕೋಲಾರದ ಹತ್ತಿರ ಹುತ್ತೂರಿನ ಕಡೆಯ ಹಳ್ಳಿ. ಮನೆ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ಸೊಪ್ಪು ಕೊಯ್ಯುವುದು, ಹಾಕುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ನನ್ನ ಮಗಳಿಗೆ ಆಗ ಮೂರು ವರ್ಷ, ಅಂಗನವಾಡಿಗೆ ಹೋಗುತ್ತಿದ್ದಳು. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಆದರೆ ದೂರದ ಬಸ್ಸಿನ ಹಾರ್ನಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಿಪ್ಪುನೇರಳೆ ಎಲೆಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸುತ್ತಾ ಗಂಟೆಗಟ್ಟಲೆ ಕೂರುವಳು. ಯಾರಾದರೂ ಒಂದು ಎಲೆ ಸರಿಸಿದರೆ ಕಿರುಚಿ, ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುವಳು.

ಒಂದು ಮಧ್ಯಾಹ್ನ ಟೀಚರಮ್ಮ ಮನೆಗೇ ಬಂದರು. ಜಗಲಿಯ ಮೇಲೆ ಜನ ಇದ್ದರೆಂದು ನನ್ನನ್ನು ಹಿತ್ತಲಿಗೆ ಕರೆದು, ದನಿ ತಗ್ಗಿಸಿ ಹೇಳಿದರು. "ತಪ್ಪು ತಿಳ್ಕೋಬೇಡಮ್ಮ. ಪಾಪು ಮುಖ ನೋಡಲ್ಲ, ಬೇಕಾದ್ದನ್ನ ಬೆರಳು ಮಾಡಿ ತೋರ್ಸಲ್ಲ. ಆಟಿಸಂ ಅಂತ ಒಂದಿರುತ್ತೆ, ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ರು. ಅದೇ ಅಂತ ನಾನು ಹೇಳಕ್ಕಾಗಲ್ಲ. ಕೋಲಾರದಲ್ಲಿ ಡಾಕ್ಟ್ರಿಗೆ ತೋರ್ಸಣ, ನಾನೂ ಬರ್ತೀನಿ. ಚಿಕ್ಕೋರಿದ್ದಾಗ್ಲೇ ಹೇಳ್ಕೊಟ್ರೆ ತುಂಬಾ ಅನುಕೂಲ ಆಗುತ್ತೆ."

ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ, "ಏಂ ಕಾದು, ಏನೂ ಆಗಲ್ಲ! ಇವಳಪ್ಪಾನೂ ಐದು ವರ್ಷಕ್ಕೇ ಮಾತಾಡಿದ್ದು" ಎಂದರು. ನಾನು ಅಷ್ಟಕ್ಕೆ ಬಿಡಲಿಲ್ಲ. "ನಿನಗೆ ಮಕ್ಕಳಿಲ್ಲ ಅಂತ ನನ್ನ ಮಗಳಿಗೆ ಹೆಸರಿಡ್ತೀಯಾ?" ಎಂದೆ. ಆ ಮಾತು ಅವರಿಗೆ ಎಲ್ಲಿ ನಾಟುತ್ತದೆಂದು ಗೊತ್ತಿದ್ದೇ ಅಂದೆ. ಅವರು ಹಿತ್ತಲಿನಿಂದಲೇ ಹೊರಟುಹೋದರು.

ಮಗಳಿಗೆ ಏನೋ ಇದೆಯೆಂಬ ಭಯ ನನ್ನೊಳಗೆ ಮೊದಲೇ ಇತ್ತು. ಅದನ್ನು ಬಾಯಿಬಿಟ್ಟು ಹೇಳಿದವರ ಬಾಯಿ ಮುಚ್ಚಿಸಬೇಕೆನಿಸಿತು. ಆ ವಾರ ಹೆಂಗಸರ ಸಂಘದ ಸಭೆಯಲ್ಲಿ ಮಗಳ ತೋಳು ಹಿಡಿದೆತ್ತಿ ತೋರಿಸಿದೆ. ಅವಳೇ ಕಚ್ಚಿಕೊಂಡ ಗಾಯಗಳು... "ನೋಡ್ರಿ, ಟೀಚರು ಹೆಂಗೆ ಚಿವುಟವ್ಳೆ!" ಎಂದೆ.

ಮಾತು ಹಬ್ಬಿ, ಇಲಾಖೆಯ ಮೇಲಿನವರು ವಿಚಾರಣೆಗೆ ಬಂದರು. ಟೀಚರಮ್ಮ ಜಗಳವಾಡಲಿಲ್ಲ. "ಮಗೂನ ಡಾಕ್ಟ್ರಿಗೆ ತೋರ್ಸಿ ಸಾರ್, ಅದು ಯಾವ ಗಾಯ ಅಂತ ಅವ್ರೇ ಹೇಳ್ತಾರೆ" ಎಂದಷ್ಟೇ ಹೇಳಿದರು. ಆಗಲೂ ಅವರಿಗೆ ನನ್ನ ಮಗಳದೇ ಚಿಂತೆ. ಅವರ ತಪ್ಪೇನೂ ಕಾಣಲಿಲ್ಲ, ವಿಚಾರಣೆ ಅಲ್ಲಿಗೇ ನಿಂತಿತು. ಆದರೆ ತಾಯಂದಿರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಕೆಲವೇ ತಿಂಗಳಲ್ಲಿ ಟೀಚರಮ್ಮ ಕೆಲಸ ಬಿಟ್ಟು, ಮುಳಬಾಗಿಲಿನಾಚೆ ಬೈರಕೂರಿನ ಕಡೆಯ ತವರಿಗೆ ಹೋದರು.

ಆಮೇಲೆ ನಾವು ತಾಯಿತ ಕಟ್ಟಿಸಿದೆವು, ಹರಕೆ ಹೊತ್ತೆವು. ಮಗಳು ಕಿರುಚಿದರೆ ಹಟವೆಂದು ಹೊಡೆದೆವು. ಅವಳಿಗೆ ಎಂಟು ತುಂಬುವ ಹೊತ್ತಿಗೆ ಶಾಲೆಯ ಮೇಷ್ಟ್ರು ಬಲವಂತ ಮಾಡಿದ್ದಕ್ಕೆ ಕೋಲಾರಕ್ಕೆ ಕರೆದೊಯ್ದೆವು. ಟೀಚರಮ್ಮ ಹೇಳಿದ ಹೆಸರನ್ನೇ ಡಾಕ್ಟರು ಹೇಳಿದರು. "ಈಗಲೂ ಕಲೀತಾಳೆ. ಆದ್ರೆ ಮೂರು ವರ್ಷಕ್ಕೇ ಬಂದಿದ್ರೆ ಅವಳಿಗೂ ಇಷ್ಟು ಕಷ್ಟ ಇರ್ತಿರಲಿಲ್ಲ, ನಿಮಗೂ ಇರ್ತಿರಲಿಲ್ಲ. ಯಾರೂ ಹೇಳ್ಲಿಲ್ವಾ ನಿಮಗೆ?" ಎಂದು ಕೇಳಿದರು.

"ಇಲ್ಲ ಸಾರ್, ಯಾರೂ ಹೇಳ್ಲಿಲ್ಲ" ಎಂದೆ. ನನ್ನ ಗಂಡ ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದರು.

ಅಲ್ಲಿ ಚಿತ್ರದ ಕಾರ್ಡು ಕೊಟ್ಟು, ಬೇಕಾದ್ದನ್ನು ತೋರಿಸುವುದು ಕಲಿಸಿದರು. ಮೊದಲು ನೀರು, ಆಮೇಲೆ ಅನ್ನ. ಒಂದು ದಿನ ಅವಳು ಹಲ್ಲಿನ ಚಿತ್ರ ತಂದು ನನ್ನ ಮಡಿಲಲ್ಲಿಟ್ಟಳು. ಬಾಯಿ ತೆರೆಸಿ ನೋಡಿದರೆ ಹಿಂದಿನ ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು. ಎಷ್ಟು ದಿನದಿಂದ ನೋಯುತ್ತಿತ್ತೋ... ಹಟವೆಂದು ನಾನು ಹೊಡೆದ ದಿನಗಳಲ್ಲಿ ಅವಳಿಗೆ ಏನೇನು ನೋಯುತ್ತಿತ್ತೋ. ಹೇಳುವ ದಾರಿ ತೋರಿಸಲು ಬಂದವರನ್ನು ನಾನೇ ಊರು ಬಿಡಿಸಿದ್ದೆ.

ಕ್ಷಮೆ ಕೇಳಬೇಕೆಂದು ಬೈರಕೂರಿನ ಬಸ್ಸು ಹತ್ತಿದೆ. ಟೀಚರಮ್ಮ ತೀರಿಕೊಂಡು ವರ್ಷವಾಗಿತ್ತು. ಅವರ ತಮ್ಮನ ಹೆಂಡತಿ ನೀರು ಕೊಟ್ಟು, "ಯಾವೂರಮ್ಮ?" ಎಂದು ಕೇಳಿದಳು. ಹೇಳಿದೆ. ಅವಳ ಮುಖ ಅರಳಿತು. "ನಿಮ್ಮೂರಲ್ಲಿ ಒಂದು ಹೆಣ್ಣು ಪಾಪು ಇತ್ತಂತಲ್ಲ. ಆ ಕಡೆಯೋರು ಯಾರು ಬಂದ್ರೂ ನಮ್ಮತ್ತಿಗೆ ಕೇಳೋರು, ಅದನ್ನ ಡಾಕ್ಟ್ರಿಗೆ ತೋರ್ಸಿದ್ರಾ ಅಂತ. ನಿಮಗೇನಾದ್ರೂ ಗೊತ್ತಾ?"

"ತೋರ್ಸಿದ್ರು ಕಣಮ್ಮ" ಎಂದೆ. ಯಾರ ಮಗು ಎಂದು ಹೇಳಲು ಬಾಯಿ ಬರಲಿಲ್ಲ. ಲೋಟ ಕೆಳಗಿಟ್ಟು ಎದ್ದು ಬಂದೆ.

ಮಗಳಿಗೆ ಈಗ ಹದಿನಾಲ್ಕು. ಹತ್ತಿಪ್ಪತ್ತು ಮಾತು ಆಡುತ್ತಾಳೆ. ಉಳಿದದ್ದನ್ನು ಫೋನಿನಲ್ಲಿ ಚಿತ್ರ ಒತ್ತಿ ಹೇಳುತ್ತಾಳೆ. ತಲೆನೋವು ಎನ್ನುತ್ತಾಳೆ, ಬೇಡ ಎನ್ನುತ್ತಾಳೆ. ಅವಳ ಬಗ್ಗೆ ನನಗೆ ನಾಚಿಕೆಯಿಲ್ಲ, ಇರುವುದೆಲ್ಲ ನನ್ನ ಬಗ್ಗೆಯೇ. ಕಳೆದ ತಿಂಗಳ ಸಂಘದ ಸಭೆಯಲ್ಲಿ ಹಳೆಯ ಮಾತು ಬಂತು. "ಆ ಚಿವುಟೋ ಟೀಚರು ಇದ್ಳಲ್ಲ" ಎಂದು ಒಬ್ಬಳು ನಕ್ಕಳು, ಉಳಿದವರೂ ನಕ್ಕರು. ನಮ್ಮೂರಲ್ಲಿ ಅವರಿಗೆ ಇಂದಿಗೂ ಅದೇ ಹೆಸರು. ಅವರು ಯಾರನ್ನೂ ಚಿವುಟಿರಲಿಲ್ಲ ಎಂದು ಹೇಳಬಲ್ಲವಳು ಅಲ್ಲಿ ನಾನೊಬ್ಬಳೇ ಇದ್ದೆ... ಸುಮ್ಮನೆ ಕೂತಿದ್ದೆ.