ಬಾಣಗಳಿಲ್ಲದ ಪತ್ರ

ಕೆಳಗಿನ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರ ‘ಧಡ್’ ಎಂದಾಗಲೆಲ್ಲ ಮೇಲಿನ ಕೋಣೆಯಲ್ಲಿ ಅವಳ ಚಹದ ಲೋಟ ನಡುಗುತ್ತದೆ. ಇಪ್ಪತ್ತೆರಡು ವರ್ಷದಿಂದ ಅವಳು ಆ ಅಂಗಡಿಯ ಪುಸ್ತಕಗಳಿಗೆ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದಾಳೆ. ಒಂದು ಸಾಲು ಗಿಡ್ಡ, ಇನ್ನೊಂದು ಉದ್ದವಾಗಿ ಪುಟದ ಅಂಚು ಸೊಟ್ಟಗಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಅಂಚಮ್ಮ.

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಸರಿಯೋ ತಪ್ಪೋ ಎಂದು ಜಗಳವಾಗಿ ಅಣ್ಣನೂ ಅವಳೂ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಮಾತು ಬಿಟ್ಟರೂ ಇ-ಮೇಲಿನಲ್ಲಿ ಜಗಳ ಬಿಟ್ಟಿರಲಿಲ್ಲ. ಒಬ್ಬರ ಸಾಲಿನ ಕೆಳಗೆ ಇನ್ನೊಬ್ಬರ ಉತ್ತರ. ಪ್ರತಿ ಸಲವೂ ಹಳೆಯ ಸಾಲುಗಳ ತಲೆಗೆ ಮೇಲ್ ತಾನೇ ಹಾಕುವ ಇನ್ನೊಂದು ‘>’ ಬಾಣದ ಗುರುತು. ಬಾಣ ಎಣಿಸಿದರೆ ಯಾರ ಮಾತೆಂದು ತಿಳಿಯುತ್ತಿತ್ತು.

ಹೋದ ವರ್ಷ ಆ ಮೇಲ್ ಖಾತೆ ಮುಚ್ಚುವ ಮುನ್ನ ಅವಳು ಎಲ್ಲವನ್ನೂ ಒಂದು ಫೈಲಿಗೆ ಇಳಿಸಿಕೊಂಡಳು. ಸಾಲುಗಳು ಹಲ್ಲು ಬಿದ್ದ ಬಾಯಿಯಂತಿದ್ದವು. ಕೈ ಸುಮ್ಮನಿರಲಿಲ್ಲ, ಸಾಲು ಸರಿಮಾಡುವ ಗುಂಡಿ ಒತ್ತಿದಳು. ಕಂಪ್ಯೂಟರಿಗೆ ಬಾಣವೂ ಒಂದೇ ಅಕ್ಷರವೂ ಒಂದೇ. ಎಲ್ಲ ಸಾಲನ್ನೂ ಕೂಡಿಸಿಬಿಟ್ಟಿತು. ನಡುನಡುವೆ ಉಳಿದ ಬಾಣಗಳನ್ನು ಕಸವೆಂದು ಅವಳೇ ಅಳಿಸಿದಳು.

ಅಣ್ಣ ತೀರಿಕೊಂಡು ತಿಂಗಳಾದ ಮೇಲೆ ಅತ್ತಿಗೆ ಬಂದು ಆ ಪತ್ರಗಳನ್ನು ಓದಲು ಕೇಳಿದರು. ಅವಳು ಅಚ್ಚು ಹಾಕಿ ಕೊಟ್ಟಳು.

“ಚೆಂದ ಇದೆ ಕಣೇ. ಒಬ್ರೇ ಬರೆದ ಹಾಗಿದೆ. ಬದುಕಿದ್ದಾಗ ಹೀಗೆ ಒಂದೇ ಸಾಲಲ್ಲಿ ಕೂತಿದ್ರೇನೇ ನೀವಿಬ್ರು?”

ಅವಳು ನಕ್ಕಳು. ಅತ್ತಿಗೆಯ ಬೆರಳು ಒಂದು ಕಡೆ ನಿಂತಿತು. ‘ತಪ್ಪು ನಂದು. ಒಂದ್ಸಲ ಬಂದು ಹೋಗು.’ ಅದರ ಬೆನ್ನಿಗೇ, ‘ನೋಡೋಣ, ಕೆಲಸ ಕಮ್ಮಿಯಾಗ್ಲಿ.’

“ಕರೆದಿದ್ದು ಯಾರು? ನೋಡೋಣ ಅಂದಿದ್ದು ಯಾರು?”

ಇಬ್ಬರೂ ಒಬ್ಬರನ್ನೊಬ್ಬರು ಏಕವಚನದಲ್ಲೇ ಕರೆಯುತ್ತಿದ್ದವರು. ಇಬ್ಬರಿಗೂ ಕೆಲಸದ ನೆಪ ಸದಾ ಇತ್ತು.

“ನೆನಪಿಲ್ಲ ಅತ್ತಿಗೆ.”

“ಕೊನೇ ದಿನದವರೆಗೂ ಅವರು ಬಾಗಿಲ ಕಡೆ ನೋಡ್ತಿದ್ರು. ಅವರೇ ಕರೆದಿದ್ರಾ ಅಂತ ಗೊತ್ತಾದ್ರೆ ಸಾಕು ನಂಗೆ.”

ಕೆಳಗೆ ಧಡ್ ಎಂದಿತು. ಅವಳು ಕಪಾಟಿನತ್ತ ನೋಡಿದಳು. ಅಲ್ಲಿ ಅವಳೇ ಪುಟ ಕಟ್ಟಿದ ದಪ್ಪ ನಿಘಂಟು, ಅಂಚು ಒಂದು ಕೂದಲಷ್ಟೂ ಆಚೀಚೆ ಇಲ್ಲ.

“ಆ ವರ್ಷ ಈ ನಿಘಂಟು ಬಂದಿತ್ತು ಅತ್ತಿಗೆ, ಎಂಟುನೂರು ಪುಟ, ತಲೆ ಎತ್ತೋಕೂ ಪುರುಸೊತ್ತಿರ್ಲಿಲ್ಲ, ಅದಕ್ಕೇ ನಾನು ನೋಡೋಣ ಅಂತ...” ಎನ್ನುತ್ತ ಅವಳು ಇನ್ನೂ ಖಾಲಿಯಾಗದ ಲೋಟವನ್ನೇ ತೊಳೆಯಲೆಂದು ಹಿಡಿದು ಮೆಟ್ಟಿಲಿಳಿದು ಹೋದಳು.