ಇನ್‌ಸ್ಪೆಕ್ಟರ್ ನೋಡದ ಕಾರು

ಪುಣೆಯಿಂದ ಬಂಟ್ವಾಳಕ್ಕೆ ವರ್ಗವಾಗಿ ಬಂದ ಮೇಲೆ ಕಾರಿಗೆ ಕರ್ನಾಟಕದ ನಂಬರ್ ಮಾಡಿಸಬೇಕಿತ್ತು. ಅಲ್ಲಿಯ ಎನ್‌ಒಸಿ, ಇಲ್ಲಿಯ ತೆರಿಗೆ, ಇನ್ಶೂರೆನ್ಸು, ಲೈಸೆನ್ಸಿನ ವಿಳಾಸ ಎಲ್ಲ ಮುಗಿದು, ಕಾರನ್ನು ಆರ್‌ಟಿಒ ಆಫೀಸಿನ ಇನ್‌ಸ್ಪೆಕ್ಟರಿಗೆ ತೋರಿಸುವುದೊಂದು ಉಳಿದಿತ್ತು. ವರ್ಷವೂ ತುಂಬದ ಕಾರು. ಮದುಮಗನ ಹಾಗೆ ತೊಳೆದು ಒರೆಸಿ ತೆಗೆದುಕೊಂಡು ಹೋದೆ.

ನನ್ನ ಮುಂದೆ, ಕಾಸರಗೋಡಿನಿಂದ ಬೆಳ್ತಂಗಡಿಗೆ ಬಂದು ನೆಲೆಸಿದ ಟೀಚರೊಬ್ಬರ ಹಳೆಯ ಕೆಂಪು ಕಾರು ನಿಂತಿತ್ತು. ಇನ್‌ಸ್ಪೆಕ್ಟರ್ ಅದನ್ನು ಕಂಡದ್ದೇ ಪೆನ್ನನ್ನು ಕಿಸೆಗೆ ಹಾಕಿದರು.

"ಇದು ಇನ್ನೂ ಓಡ್ತದಾ ಟೀಚರೇ?"

"ಓಡ್ತದೆ ಸರ್. ಅಪ್ಪನದ್ದು. ಮಾರ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ಮಾರ್ಬೇಡಿ ಮಾರಾಯ್ರೆ! ನಾನು ಡ್ರೈವಿಂಗ್ ಕಲಿತದ್ದೇ ಇಂಥದ್ರಲ್ಲಿ."

ಅವರು ಬಾನೆಟ್ ಎತ್ತಿ ಬಗ್ಗಿ ನೋಡಿದರು. ಒಳಗೆ ಕೂತು ಸ್ಟಾರ್ಟ್ ಮಾಡಿದರು. ಗುಮಾಸ್ತರನ್ನೂ ಕೂಗಿ ಕರೆದು ಹಾರ್ನ್ ಕೇಳಿಸಿದರು. ಎಲ್ಲರೂ ನಕ್ಕರು. ಆ ತುಕ್ಕು ಹಿಡಿದ ಕಾರಿನ ಮೇಲೆ ನನಗೆ ಹೊಟ್ಟೆಯುರಿ ಶುರುವಾಯಿತು.

ನನ್ನ ಸರದಿ ಬಂತು. ಅವರು ಚಾಸಿಸ್ ನಂಬರ್ ತಾಳೆ ನೋಡಿ ಸಹಿ ಹಾಕಿದರು. ಬಾಗಿಲು ಸಹ ತೆರೆಯಲಿಲ್ಲ.

"ಸರ್, ಬಾನೆಟ್ ತೆಗೆಯುವುದಾ?" ಎಂದು ನಾನೇ ಕೇಳಿದೆ.

"ಬೇಡ, ಎಲ್ಲ ಸರಿ ಉಂಟು. ನೀವು ಹೋಗ್ಬಹುದು," ಎಂದರು. ಅವರ ಕಣ್ಣು ಗೇಟು ದಾಟುತ್ತಿದ್ದ ಕೆಂಪು ಕಾರಿನ ಮೇಲಿತ್ತು.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಏನಾದ್ರೂ ತಕರಾರು ಮಾಡಿದ್ರಾ?"

"ಇಲ್ಲ," ಎಂದೆ. ಒಂದು ಸಣ್ಣ ತಕರಾರನ್ನಾದರೂ ತೆಗೆಯಬಹುದಿತ್ತು. ಆ ನೆಪದಲ್ಲಾದರೂ ಆ ಮನುಷ್ಯ ನನ್ನ ಕಾರನ್ನು ಸರಿಯಾಗಿ ಒಮ್ಮೆ ನೋಡುತ್ತಿದ್ದರು.