ತಂಗಿಯ ಬೀಳ್ಕೊಡುಗೆ ಊಟ

ಸುಲಾಸ್ತ್ರಿ ಆಸ್ಟ್ರೇಲಿಯಾಕ್ಕೆ ಬಂದ ನಾಲ್ಕು ವರ್ಷದಲ್ಲಿ ಮನೆಯವರಿಗೆ ಒಂದೂ ಸುಳ್ಳು ಹೇಳಿದವಳಲ್ಲ. ಆದರೂ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿರುವ ಅವಳ ಹಳ್ಳಿ ವಾತುಕೆಂಬಾರ್‌ಗೆ ಹೋಗಿ ಕೇಳಿನೋಡಿ. ಅವಳಿಗೆ ಅಲ್ಲಿ ದೊಡ್ಡ ಮನೆಯಿದೆ, ಮುಂದೆ ಹುಲ್ಲುಹಾಸು ಇದೆ, ಎರಡು ಕಾರು ನಿಲ್ಲುವಷ್ಟು ಗ್ಯಾರೇಜ್ ಇದೆ ಎಂದು ಚಿಕ್ಕ ಮಕ್ಕಳೂ ಹೇಳುತ್ತವೆ. ಅದರಲ್ಲಿ ಗ್ಯಾರೇಜಿನ ಮಾತೊಂದು ಅರ್ಧ ನಿಜ. ಅವಳು ಇರುವುದೇ ಅದರಲ್ಲಿ.

ಮನೆ ಧಾರವಾಡದ ರುದ್ರಾಣಿಯದು. ರುದ್ರಾಣಿ ಸಿಡ್ನಿಯಲ್ಲಿ ನರ್ಸ್ ಆಗಿದ್ದಾಗ ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಫ್ಲ್ಯಾಟ್ ಹಿಡಿದಿದ್ದಳು. ಆಗಷ್ಟೇ ಸ್ಟೂಡೆಂಟ್ ವೀಸಾದ ಮೇಲೆ ಬಂದಿದ್ದ ಸುಲಾಸ್ತ್ರಿ ಹಗಲು ಅಡುಗೆಯ ಕೋರ್ಸಿಗೆ ಹೋಗಿ ಸಂಜೆ ಆ ಕಟ್ಟಡದ ಮನೆಗಳನ್ನು ಗುಡಿಸಿ ಒರೆಸುತ್ತಿದ್ದಳು. ಮುಂದೆ ರುದ್ರಾಣಿ ಮತ್ತು ಅವಳ ಗಂಡ ಶಿವಪ್ರಕಾಶ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮನೆ ಕೊಂಡರು. ಮನೆಸಾಲದ ಮಾರ್ಟ್‌ಗೇಜ್ ಕುತ್ತಿಗೆಗೆ ಬಂದಾಗ ಗ್ಯಾರೇಜಿಗೆ ಕಾರ್ಪೆಟ್ ಹಾಸಿ, ಹೀಟರ್ ಇಟ್ಟು, "ಇರ್ತೀಯೇನು?" ಎಂದು ಫೋನ್ ಮಾಡಿದರು. ಸಿಡ್ನಿಯಲ್ಲಿ ಎರಡು ರೂಮಿಗೆ ಆರು ಜನ ಇದ್ದವಳು ಬಾರದೆ ಏನು ಮಾಡಿಯಾಳು?

ಈಗ ಬೆಳಿಗ್ಗೆ ಐದಕ್ಕೆ ವ್ಯಾನ್ ಬರುತ್ತದೆ. ವೆರಿಬೀ ಆಚೆಯ ತೋಟಗಳಲ್ಲಿ ಮಧ್ಯಾಹ್ನದವರೆಗೆ ಬಗ್ಗಿ ಹೂಕೋಸು ಕೊಯ್ಯುವುದು ಅವಳ ಕೆಲಸ. ಕೋರ್ಸ್ ಮುಗಿದಿದೆ, ಇನ್ನೊಂದು ವೀಸಾಕ್ಕೆ ಅರ್ಜಿ ಹಾಕಿದ್ದಾಳೆ. ಉತ್ತರ ಬರುವವರೆಗೆ ದೇಶದಲ್ಲಿ ಇರಬಹುದು. ಒಮ್ಮೆ ಹೊರಟರೆ ಮಾತ್ರ ಮತ್ತೆ ಒಳಗೆ ಬಿಡುವುದಿಲ್ಲ. ಈ ಸರ್ಕಾರದವರ ನಯವೇ ನಯ, ಬಾಗಿಲಿಗೆ ಬೀಗ ಹಾಕುವುದೂ ಇಲ್ಲ, ದಾಟಲು ಬಿಡುವುದೂ ಇಲ್ಲ.

ಎಡವಟ್ಟಾದದ್ದು ಒಂದು ದೀಪಾವಳಿಯಲ್ಲಿ. ರುದ್ರಾಣಿ ಅವಳಿಗೆ ತನ್ನ ಇಳಕಲ್ ಸೀರೆ ಉಡಿಸಿ, ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದಳು. ಅದು ಊರಿಗೆ ಹೋಯಿತು. "ಇದು ನಿನ್ನ ಮನೆಯೇನೇ?" ಎಂದು ತಾಯಿ ಕೇಳಿದಳು. ಅಲ್ಲ ಎಂದು ಹಿರಿಯರ ಮುಖಕ್ಕೆ ಹೊಡೆದಂತೆ ಹೇಳುವುದು ಆ ಊರಿನಲ್ಲಿ ಹುಟ್ಟಿದವರಿಂದ ಆಗದ ಕೆಲಸ. ಅಲ್ಲಿ ಯಾರು ಏನೇ ಕೇಳಿದರೂ ಮೊದಲು ಬಾಯಿಗೆ ಬರುವ ಮಾತು ಒಂದೇ, "ಎಲ್ಲ ನಿಮ್ಮ ಆಶೀರ್ವಾದ." ಅವಳೂ ಅದನ್ನೇ ಅಂದಳು. ತಾಯಿ ಅದನ್ನು ಹೌದು ಎಂದೇ ಎಣಿಸಿದಳು. ತಿಂಗಳು ಕಳೆಯುವುದರೊಳಗೆ ಆ ಫೋಟೋ ದೊಡ್ಡ ಬ್ಯಾನರ್ ಆಗಿ ಗ್ರಾಮ ಕಚೇರಿಯ ಗೋಡೆಗೆ ಏರಿತ್ತು.

ವಾತುಕೆಂಬಾರ್ ಅಂದರೆ ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಐವತ್ತು ಮನೆ. ಮರಗೆಣಸು, ಜೋಳ, ಒಂದಿಷ್ಟು ತಂಬಾಕು. ಗಂಡುಹುಡುಗರು ಜಕಾರ್ತಾದಲ್ಲಿ ಕಟ್ಟಡ ಕಟ್ಟಲು ಹೋಗುತ್ತಾರೆ, ಹುಡುಗಿಯರು ಹಾಂಗ್‌ಕಾಂಗಿಗೋ ತೈವಾನಿಗೋ ಮನೆಕೆಲಸಕ್ಕೆ. ಅವರು ಕಟ್ಟಿಸಿದ ಟೈಲ್ಸ್ ಹೊದ್ದ ಮನೆಗಳಿಗೆ ಬೀಗ. ಉಳಿದವರು ಹೋದವರ ಮಕ್ಕಳನ್ನು ಸಾಕುತ್ತಾರೆ.

ಹೊರಡುವವರಿಗೆ ಒಂದು ಊಟ ಹಾಕುವುದು ಅಲ್ಲಿನ ಪದ್ಧತಿ. ಅದಕ್ಕೆ ಕೆಂಡುರಿ ಎನ್ನುತ್ತಾರೆ. ನೆರೆಮನೆಯ ಗಂಡಸರೆಲ್ಲ ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡಿ, ಅನ್ನ ಕೋಳಿಯನ್ನು ಬಿದಿರು ಬುಟ್ಟಿಯಲ್ಲಿ ಮನೆಗೆ ಒಯ್ಯುತ್ತಾರೆ. ಆ ಅನ್ನವನ್ನು ಊರು ಉಂಡ ಮೇಲೆ ಹೊರಡದೆ ಉಳಿಯುವಂತಿಲ್ಲ, ಹೋದವರು ಬರಿಗೈಯಲ್ಲಿ ಬರುವಂತೆಯೂ ಇಲ್ಲ. ಸುಲಾಸ್ತ್ರಿಯ ಹೆಸರಿನ ಅನ್ನವನ್ನು ನಲವತ್ತು ಮನೆ ಉಂಡಿತ್ತು. ಹೂಕೋಸಿನ ಸಾಲಿನಲ್ಲಿ ನಡು ನೆಟ್ಟಗಾಗದ ದಿನಗಳಲ್ಲಿ ಅವಳಿಗೆ ವೀಸಾಕ್ಕಿಂತ ಆ ನಲವತ್ತು ಬುಟ್ಟಿಗಳೇ ನೆನಪಾಗುತ್ತಿದ್ದವು. ಅವಳಿಗೆ ಊರಿಗೆ ಹೋಗಬೇಕೆನ್ನಿಸುತ್ತಿತ್ತು, ಬಹಳ ಅನ್ನಿಸುತ್ತಿತ್ತು.

ಈಗ ತಂಗಿ ವುಲಾನಳ ಸರದಿ. ಅವಳು ಜಿಲ್ಲಾಕೇಂದ್ರದಲ್ಲಿ ಹೆರಿಗೆ ನರ್ಸಿನ ಕೋರ್ಸ್ ಓದುತ್ತಿದ್ದಳು, ಇನ್ನೊಂದೇ ವರ್ಷ ಬಾಕಿ. ಅಕ್ಕನ ಬ್ಯಾನರ್ ನೋಡಿ ನೋಡಿ ಮನೆಯವರ ತಲೆ ತಿರುಗಿತು. ಆಸ್ಟ್ರೇಲಿಯಾದ ಸ್ಟೂಡೆಂಟ್ ವೀಸಾ ಬಂದಿದೆ, ಬುಧವಾರ ಸಂಜೆ ಕೆಂಡುರಿ, ಅದು ಮುಗಿದರೆ ಕಾಲೇಜಿನಿಂದ ಹೆಸರು ತೆಗೆಸಲು ಅರ್ಜಿ ಎಂದು ತಾಯಿ ಸಂಭ್ರಮದಿಂದ ತಿಳಿಸಿದಳು. ತಂಗಿಯನ್ನು ತಡೆಯುವುದಾದರೆ ಬುಧವಾರದ ಅನ್ನ ಬೇಯುವುದರೊಳಗೆ ತಡೆಯಬೇಕು. ತಡೆಯಬೇಕಾದರೆ ನಿಜ ಹೇಳಬೇಕು.

ರುದ್ರಾಣಿಯೊಡನೆ ಅವಳ ಮಾತು ಇಂಗ್ಲಿಷಿನಲ್ಲಿ. ರುದ್ರಾಣಿಗೆ ಕಾವು ಏರಿದರೆ ಮಾತ್ರ ಧಾರವಾಡದ ಕನ್ನಡ ಹೊರಬೀಳುತ್ತಿತ್ತು, ಎರಡು ವರ್ಷದಲ್ಲಿ ಸುಲಾಸ್ತ್ರಿಗೆ ಅದೂ ಮುಕ್ಕಾಲು ತಿಳಿಯುತ್ತಿತ್ತು.

"ಹೇಳಿಬಿಡವಾ," ಎಂದಳು ಗ್ಯಾರೇಜಿಗೆ ಬಂದು ಎಲ್ಲ ಕೇಳಿದ ರುದ್ರಾಣಿ. "ಎಷ್ಟ ದಿನ ಅಂತ ಮುಚ್ಚಿಡ್ತೀ? ಆ ಹುಡುಗಿ ಬಾಳೇನಾದ್ರೂ ನೆಟ್ಟಗಾಗ್ಲಿ."

ಅಷ್ಟರಲ್ಲಿ ರುದ್ರಾಣಿಯ ಫೋನೇ ಬಡಿದುಕೊಂಡಿತು. ಧಾರವಾಡದಿಂದ ಅತ್ತೆ ಚನ್ನಬಸವ್ವನ ವಿಡಿಯೋ ಕಾಲ್. ಅವಳು ಒಂದೇ ಜಿಗಿತಕ್ಕೆ ಮನೆಯೊಳಗೆ ಹೋಗಿ ಗ್ಯಾರೇಜಿನ ಒಳಬಾಗಿಲು ಎಳೆದುಕೊಂಡಳು. ಮನೆಯಲ್ಲಿ ಬಾಡಿಗೆಯವರಿದ್ದಾರೆಂದು ಅತ್ತೆಗೆ ಇನ್ನೂ ಹೇಳಿರಲಿಲ್ಲ. "ಹೌದ್ರೀ ಅತ್ತಿ, ಎಲ್ಲಾ ಆರಾಮ. ನಿಮ್ಮ ಆಶೀರ್ವಾದ," ಎನ್ನುವುದು ಬಾಗಿಲಿನ ಈಚೆಗೂ ಕೇಳಿಸಿತು. ಮಂಚದ ಮೇಲೆ ಕೂತಿದ್ದ ಸುಲಾಸ್ತ್ರಿಗೆ ನಗು ಬಂತು. ಉಪದೇಶ ಹೇಳಿದವರ ಧೈರ್ಯ ಇಷ್ಟಾದರೆ ತನ್ನದು ಎಷ್ಟು ಎಂದು ಆಮೇಲೆ ಹೆದರಿಕೆಯೂ ಆಯಿತು.

ಸೋಮವಾರ ಹೇಳಲಿಲ್ಲ. ಮಂಗಳವಾರ ಫೋನ್ ಮಾಡಿ ಹವೆಯ ವಿಷಯ ಮಾತಾಡಿ ಇಟ್ಟಳು. ಬುಧವಾರ ಮಧ್ಯಾಹ್ನ ವ್ಯಾನಿನಿಂದ ಇಳಿದವಳೇ ಗ್ಯಾರೇಜಿಗೆ ಬಂದು, ಕೆಸರಿನ ಬೂಟು ಕೂಡ ಬಿಚ್ಚದೆ ವಿಡಿಯೋ ಕಾಲ್ ಮಾಡಿದಳು.

ಅತ್ತ ತಾಯಿಯ ಅಡುಗೆಮನೆಯಲ್ಲಿ ಜಾತ್ರೆ. ಇಂಥ ಊಟಕ್ಕೆ ನೆರೆಯ ಹೆಂಗಸರೆಲ್ಲ ಸೇರಿ ದುಡಿಯುವುದು ಅಲ್ಲಿನ ರೂಢಿ. ತೆಂಗಿನಕಾಯಿ ತುರಿಯುವವರು, ಕೋಳಿ ಕತ್ತರಿಸುವವರು, ಎಲ್ಲರ ನಡುವೆ ಫೋನ್ ಕೈಯಿಂದ ಕೈಗೆ ಹಾರಿತು. "ಆಸ್ಟ್ರೇಲಿಯಾದ ಮಗಳು ದಪ್ಪ ಆಗಿದ್ದಾಳೆ!" "ನನ್ನ ಮಗಳನ್ನೂ ಕರಿಸ್ಕೊಳ್ಳೇ!" ಎಲ್ಲರಿಗೂ ನಕ್ಕು, ಎಲ್ಲರ ಆಶೀರ್ವಾದ ಬೇಡಿ, ಕೊನೆಗೆ ತಾಯಿಯ ಮುಖ ಕಾಣಿಸಿದಾಗ ಸುಲಾಸ್ತ್ರಿ ಅಂದಳು:

"ಅಮ್ಮಾ, ಹೊರಗೆ ಬನ್ನಿ. ತಂಗೀನೂ ಕರ್ಕೊಂಡು ಬನ್ನಿ."

ಇಬ್ಬರೂ ಹಿತ್ತಲಿಗೆ ಬಂದರು. ಬಾಯಿಂದ ಮಾತು ಹೊರಡದು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಫೋನಿನ ಕ್ಯಾಮೆರಾ ತಿರುಗಿಸಿ ತೋರಿಸತೊಡಗಿದಳು. ಮೇಲೆ ಸುರುಳಿಯಾಗುವ ತಗಡಿನ ಬಾಗಿಲು. ಕಿಟಕಿಯಿಲ್ಲದ ಗೋಡೆ. ಮಂಚ, ಅದರಾಚೆ ಶಿವಪ್ರಕಾಶರ ಹಳೆಯ ಸೈಕಲ್ಲು, ಅಟ್ಟಿ ಇಟ್ಟ ರಟ್ಟಿನ ಪೆಟ್ಟಿಗೆಗಳು. ಆಮೇಲೆ ತನ್ನ ಬೂಟು, ಚಾಕು ಹಿಡಿದು ಹಿಡಿದು ಒಡೆದ ಬೆರಳುಗಳು.

"ಆ ಮನೆ ನಂದಲ್ಲ ಅಮ್ಮಾ. ನಾನಿರೋದು ಇಲ್ಲಿ. ಹೊಲದಲ್ಲಿ ಕೂಲಿ ಮಾಡ್ತೀನಿ. ಊರಿಗೆ ಬರೋಣ ಅಂದ್ರೆ ಬರೋ ಹಾಗಿಲ್ಲ. ವುಲಾನ್, ಆ ಒಂದು ವರ್ಷ ಓದು ಮುಗಿಸು, ನಿನ್ನ ಕಾಲಿಗೆ ಬೀಳ್ತೀನಿ. ಬರಬೇಡ."

ಹೇಳಿಬಿಟ್ಟಿದ್ದಳು! ಮೈ ಹಗುರಾದಂತಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು.

"ನಂಗೆ ಗೊತ್ತಿತ್ತು ಅಕ್ಕ," ಎಂದಳು ವುಲಾನ್ ಮೆಲ್ಲಗೆ. "ಪ್ರತಿ ಸಲ ನೀನು ಕಾಲ್ ಮಾಡಿದಾಗ ಹಿಂದೆ ಅದೇ ಸೈಕಲ್ ಕಾಣ್ತಿತ್ತು. ಓದು ಮುಗಿಸಿ ಏನ್ ಮಾಡ್ಲಿ? ಕೆಳಗಿನ ಮನೆ ಸಿತಿ ಅಕ್ಕ ನನಗಿಂತ ಮೊದಲೇ ಕಲಿತು ಆರು ವರ್ಷದಿಂದ ಆಸ್ಪತ್ರೇಲಿ ಸಂಬಳ ಇಲ್ಲದೆ ಹೆರಿಗೆ ಮಾಡಿಸ್ತಿದ್ದಾಳೆ. ಕಾಯಂ ಆಗುತ್ತೆ ಅಂತ ಇವತ್ತೂ ಕಾಯ್ತಿದ್ದಾಳೆ."

ಸಿತಿ ಸುಲಾಸ್ತ್ರಿಯ ಜೊತೆ ಶಾಲೆಗೆ ಹೋದವಳು.

ಒಳಗಿನಿಂದ ಯಾರೋ ಅನ್ನ ಇಳಿಸಲೇ ಎಂದು ಕೂಗಿದರು. ತಾಯಿ ಆ ಕಡೆ ತಿರುಗಿ ಇಳಿಸಿ ಎಂದು ಹೇಳಿ, ತಲೆವಸ್ತ್ರದ ತುದಿಯಿಂದ ಫೋನಿನ ಗಾಜು ಒರೆಸಿ, ಮುಖ ಹತ್ತಿರ ತಂದಳು. ಬೈಯುತ್ತಾಳೆ ಎಂದುಕೊಂಡಳು ಸುಲಾಸ್ತ್ರಿ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಮಗಳೇ," ಎಂದಳು ತಾಯಿ, "ಆ ಮಂಚದ ಪಕ್ಕ ಇನ್ನೊಬ್ಬಳು ಮಲಗೋಕೆ ಜಾಗ ಆಗುತ್ತಾ?"

ಸುಲಾಸ್ತ್ರಿ ತಿರುಗಿ ನೋಡಿದಳು. ಸೈಕಲ್ಲನ್ನು ಗೋಡೆಗೆ ಒರಗಿಸಿದರೆ ಜಾಗವಿತ್ತು.

"ಆಗುತ್ತಮ್ಮ," ಎಂದಳು.